ಲೋಡು ಗಾಡಿಗೆ ದೊಡ್ಡ ಟರ್ಬೊ ಹಾಕ್ಸೋ ಮುಂಚೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಟರ್ಬೊ ಬಗ್ಗೆನೇ ಇದ್ವು, ಅದಕ್ಕೇ ಬೇರೆದೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಪೂರ್ತಿ ಜಾಗ ಇದಕ್ಕೇ ಕೊಟ್ಟಿದೀನಿ. ಕೇಳಿದವರಲ್ಲಿ ಡ್ರೈವರ್‌ಗಳೂ ಇದಾರೆ, ಓನರ್‌ಗಳೂ ಇದಾರೆ, ಗ್ಯಾರೇಜಲ್ಲಿ ಕೆಲ್ಸ ಕಲೀತಿರೋ ಹುಡುಗ್ರೂ ಇದಾರೆ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡ್ಕೊಂಡಿದೀನಿ.

ಪ್ರಶ್ನೆ: ಸರ್ ನಮಸ್ತೆ, ನಂದು 12 ಲೀಟರ್, ಆರು ಸಿಲಿಂಡರ್ ಇಂಜಿನ್, ಟ್ರೇಲರ್ ಎಳೆಯೋ ಗಾಡಿ. ಫುಲ್ ಲೋಡಲ್ಲಿ ಏರು ಬಂತು ಅಂದ್ರೆ ಎರಡು ಗೇರ್ ಇಳಿಸ್ಬೇಕು, ಹಿಂದೆ ಕಪ್ಪು ಹೊಗೆ ಬೇರೆ. ಪಂಪ್ ಕೆಲ್ಸ ಮಾಡಿದವ್ರು ಡೀಸೆಲ್ ಸ್ವಲ್ಪ ಜಾಸ್ತಿ ಬಿಟ್ಟಿದಾರೆ. ಈಗ ಎಲ್ರೂ ದೊಡ್ಡ ಟರ್ಬೊ ಹಾಕ್ಸು ಅಂತಿದಾರೆ. ಹಾಕ್ಸಿದ್ರೆ ಪುಲ್ಲಿಂಗ್ ಬರತ್ತಾ? ಎಷ್ಟು ದೊಡ್ಡದು ಹಾಕ್ಸ್ಲಿ?

ಉತ್ತರ: ಬರಬಹುದು, ಆದ್ರೆ ಅದಕ್ಕೂ ಮುಂಚೆ ಈಗಿರೋ ಟರ್ಬೊ ಕೊಡ್ತಿರೋ ಗಾಳಿ ಪೂರ್ತಿ ಇಂಜಿನ್ ಒಳಗೆ ಹೋಗ್ತಿದ್ಯಾ ಅಂತ ನೋಡ್ಬೇಕು ಸರ್. ಶಕ್ತಿ ಬರೋದು ಡೀಸೆಲ್‌ನಿಂದ, ಟರ್ಬೊ ಮಾಡೋದು ಎಕ್ಸಾಸ್ಟ್ ಗ್ಯಾಸಿನ ರಭಸದಿಂದ ತಿರುಗಿ, ಆ ಡೀಸೆಲ್ ಉರಿಯೋಕೆ ಬೇಕಾದ ಗಾಳಿ ತುಂಬೋ ಕೆಲ್ಸ ಅಷ್ಟೇ. ಲೆಕ್ಕದ ಪ್ರಕಾರ 1 ಕೆಜಿ ಡೀಸೆಲ್ ಉರಿಯೋಕೆ ಸುಮಾರು 14.5 ಕೆಜಿ ಗಾಳಿ ಸಾಕು, ಆದ್ರೆ ಸಿಲಿಂಡರ್ ಒಳಗೆ ಡೀಸೆಲ್ ಮತ್ತು ಗಾಳಿ ಎಲ್ಲಾ ಕಡೆ ಸಮ ಬೆರೆಯಲ್ಲ, ಹಾಗಾಗಿ ಹೊಗೆ ಇಲ್ದೆ ಓಡ್ಬೇಕು ಅಂದ್ರೆ 20 ಕೆಜಿ ಮೇಲೇ ಬೇಕು. ನಿಮ್ಮ ಗಾಡೀಲಿ ಡೀಸೆಲ್ ಜಾಸ್ತಿ ಬಿಟ್ಟಿದಾರೆ, ಗಾಳಿ ಮೊದ್ಲಿದ್ದಷ್ಟೇ ಇದೆ, ಆ ಉಳಿದ ಡೀಸೆಲ್ಲೇ ಮಸಿಯಾಗಿ ಹಿಂದೆ ಬರ್ತಿರೋದು. ಅದರ ಜೊತೆ ಸೈಲೆನ್ಸರ್ ಕಡೆ ಹೋಗೋ ಗ್ಯಾಸಿನ ಬಿಸಿನೂ ಏರಿರತ್ತೆ, ನಂಗೆ ಹೊಗೆಗಿಂತ ಅದರದ್ದೇ ಜಾಸ್ತಿ ಚಿಂತೆ.

ಮೊದ್ಲು ಮಾಡ್ಬೇಕಾದ ಕೆಲ್ಸ ಲೀಕ್ ಟೆಸ್ಟ್. ಟರ್ಬೊದಿಂದ ಇಂಟರ್‌ಕೂಲರ್‌ಗೆ (ಒತ್ತಿ ಬಿಸಿಯಾದ ಗಾಳಿನ ತಣ್ಣಗೆ ಮಾಡೋ ರೇಡಿಯೇಟರ್ ಥರದ್ದು), ಅಲ್ಲಿಂದ ಇಂಜಿನ್‌ಗೆ ಹೋಗೋ ಹೋಸ್‌ಗಳು, ಕ್ಲಿಪ್‌ಗಳು, ಇಂಟರ್‌ಕೂಲರ್ ಟ್ಯಾಂಕಿನ ಮೂಲೆಗಳು, ಇಲ್ಲೆಲ್ಲ ಗಾಳಿ ಸೋರತ್ತೆ, ಗಾಡಿ ನಿಂತಾಗ ಕೇಳ್ಸೋದೇ ಇಲ್ಲ, ಲೋಡಲ್ಲಿ ಬೂಸ್ಟ್, ಅಂದ್ರೆ ಟರ್ಬೊ ಒತ್ತೋ ಗಾಳಿಯ ಪ್ರೆಷರ್, ಬಂದಾಗ ಮಾತ್ರ ಬಿಚ್ಕೊಳತ್ತೆ. ಇಂಟರ್‌ಕೂಲರ್ ಎರಡೂ ಬಾಯಿ ಮುಚ್ಚಿ 2 ಬಾರ್ ಹತ್ರ ಗಾಳಿ ತುಂಬಿ ಸಪ್ಲೈ ಬಂದ್ ಮಾಡಿ ನೋಡ್ತಾರೆ, ಪ್ರೆಷರ್ 15 ಸೆಕೆಂಡಲ್ಲಿ 5 ಪಿಎಸ್‌ಐಗಿಂತ ಜಾಸ್ತಿ ಇಳಿದ್ರೆ ಲೀಕ್ ಇದೆ ಅಂತ ತಿಳ್ಕೊಳ್ಳಿ (ನಿಮ್ಮ ಇಂಜಿನ್ ಮ್ಯಾನ್ಯುಅಲ್ಲಲ್ಲಿ ಬೇರೆ ಅಳತೆ ಕೊಟ್ಟಿದ್ರೆ ಅದನ್ನೇ ಹಿಡೀರಿ). ಮುಚ್ಚಿದ ಬಾಯಿಗೆ ಚೈನ್ ಕಟ್ಟಿ ಟೆಸ್ಟ್ ಮಾಡಿ, ಪ್ಲಗ್ ಹಾರಿ ಮುಖಕ್ಕೆ ಬಡಿದ್ರೆ ಪ್ರಾಣಕ್ಕೇ ಅಪಾಯ. ಆಮೇಲೆ ಎಕ್ಸಾಸ್ಟ್ ಮೇನ್‌ಫೋಲ್ಡ್ ಜಾಯಿಂಟ್ ನೋಡಿ, ಅಲ್ಲಿ ಕಪ್ಪು ಗೆರೆ ಬಿದ್ದಿದ್ರೆ ಟರ್ಬೊ ತಿರುಗ್ಸೋ ಗ್ಯಾಸೇ ಹೊರಗೆ ಹೋಗ್ತಿದೆ ಅಂತ ಅರ್ಥ, ಅಂಥಾ ಗಾಡಿಗೆ ಎಷ್ಟು ದೊಡ್ಡ ಟರ್ಬೊ ಹಾಕಿದ್ರೂ ಏಳಲ್ಲ.

ಏರ್ ಫಿಲ್ಟರ್ ಬಗ್ಗೆ ಎಲ್ರಿಗೂ ಗೊತ್ತು ಅಂದ್ಕೊಳ್ತೀವಿ, ಆದ್ರೆ ಬಹಳ ಗಾಡಿಗಳಲ್ಲಿ ನಾನು ನೋಡಿರೋ ತೊಂದ್ರೆ ಇದೇ. 1952 ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ 500 ರೇಸಿಗೆ ಕಮ್ಮಿನ್ಸ್ ಕಂಪನಿ ಟರ್ಬೊ ಇರೋ ಡೀಸೆಲ್ ಕಾರು ತಂದಿತ್ತು, ಫ್ರೆಡ್ ಅಗಬಾಶಿಯನ್ ಅನ್ನೋರು ಓಡ್ಸಿದ್ದು, ಸ್ಪೀಡಾಗಿ ಓಡಿ ರೇಸಲ್ಲಿ ಮೊದಲ ಜಾಗದಿಂದ ಹೊರಟಿತ್ತು. ಆದ್ರೆ ರೇಸ್ ಮುಗಿಸ್ಲಿಲ್ಲ, ಟ್ರ್ಯಾಕ್ ಮೇಲಿನ ಟೈರ್ ರಬ್ಬರ್ ಚೂರುಗಳು ಟರ್ಬೊ ಬಾಯಿಗೆ ತುಂಬ್ಕೊಂಡು ಉಸಿರು ಕಟ್ಟಿ ಅರ್ಧ ದಾರೀಲೇ ನಿಂತೋಯ್ತು. ಅಷ್ಟು ಶಕ್ತಿ ಇದ್ದ ಇಂಜಿನ್ನಿಗೂ ಗಾಳಿ ಬಾಯಿ ಮುಚ್ಚಿದ್ರೆ ಇದೇ ಗತಿ. ಫಿಲ್ಟರ್ ಹೌಸಿಂಗ್ ಮೇಲೆ ಇಂಡಿಕೇಟರ್ ಇದ್ರೆ ಅದು 25 ಇಂಚ್ ನೀರಿನ ಗುರುತಿಗೆ (ಗಾಳಿ ಎಳೆಯೋಕೆ ಆಗ್ತಿರೋ ಅಡ್ಡಿಯ ಅಳತೆ ಅದು) ಬಂದಾಗ ಫಿಲ್ಟರ್ ಬದಲಾಯಿಸ್ಬೇಕು, ಒಗೆದು, ಬಡಿದು ಮತ್ತೆ ಹಾಕೋದು ಬೇಡ, ಪೇಪರ್ ಹರಿದ್ರೆ ಒಳಗೆ ಹೋದ ಧೂಳು ಮೊದ್ಲು ತಿನ್ನೋದು ಟರ್ಬೊದ ಗಾಳಿ ವೀಲ್‌ನೇ.

ಇದೆಲ್ಲ ಸರಿ ಇದ್ದೂ ಪುಲ್ಲಿಂಗ್ ಸಾಲಲ್ಲ ಅಂದಾಗ ಮೂರು ಮೀಟರ್ ಹಾಕ್ಸಿ ಒಂದು ಫುಲ್ ಲೋಡ್ ಟ್ರಿಪ್ ಹೋಗ್ಬನ್ನಿ. ಒಂದು ಬೂಸ್ಟ್ ಮೀಟರ್. ಇನ್ನೊಂದು ಎಕ್ಸಾಸ್ಟ್ ಬಿಸಿ ತೋರ್ಸೋದು, ಅದನ್ನ ಟರ್ಬೊಗೆ ಮುಂಚೆ ಮೇನ್‌ಫೋಲ್ಡಲ್ಲಿ ಕೂರ್ಸಿ, ಟರ್ಬೊ ಆದ್ಮೇಲೆ ಕೂರ್ಸಿದ್ರೆ ಲೋಡಲ್ಲಿ ನೂರು ನೂರೈವತ್ತು ಡಿಗ್ರಿ ಕಮ್ಮಿ ತೋರ್ಸಿ ಮೋಸ ಮಾಡತ್ತೆ. ಮೂರನೇದು ಎಕ್ಸಾಸ್ಟ್ ಮೇನ್‌ಫೋಲ್ಡ್ ಒಳಗಿನ ಪ್ರೆಷರ್ ತೋರ್ಸೋದು, ಇದನ್ನ ಹಾಕೋರು ತುಂಬಾ ಕಮ್ಮಿ, ಆದ್ರೆ ಟರ್ಬೊ ಸಣ್ಣದಾಗಿದ್ಯಾ ಅಂತ ನೇರವಾಗಿ ಹೇಳೋದು ಇದೊಂದೇ. ಬೂಸ್ಟ್ 2 ಬಾರ್ ಇದ್ದಾಗ ಮೇನ್‌ಫೋಲ್ಡ್ ಪ್ರೆಷರ್ ಕೂಡ 2 ಬಾರ್ ಆಸುಪಾಸಲ್ಲಿದ್ರೆ ಟರ್ಬೊ ಇಂಜಿನ್ನಿಗೆ ಹೊಂದಿದೆ. ಅದೇ 4 ಬಾರ್ ತೋರ್ಸಿದ್ರೆ ಗ್ಯಾಸ್ ಹೊರಗೆ ಹೋಗೋಕಾಗ್ದೆ ಹಿಂದಕ್ಕೆ ಒತ್ತುತ್ತಿದೆ, ಪಿಸ್ಟನ್ ತನ್ನ ಶಕ್ತಿ ಖರ್ಚು ಮಾಡಿ ಅದನ್ನ ಹೊರಗೆ ದಬ್ಬುತ್ತಿದೆ, ಆಗ ಟರ್ಬೊ ಬದಲಾಯ್ಸೋಕೆ ನಿಜವಾದ ಕಾರಣ ಸಿಕ್ತು. ಬಿಸಿ ವಿಷ್ಯಕ್ಕೆ, ಟರ್ಬೊ ಮುಂಚೆ 700 ಡಿಗ್ರಿ ದಾಟಿ ನಿಮಿಷಗಟ್ಲೆ ಏರು ಹತ್ತಬಾರ್ದು. ಶುದ್ಧ ಅಲ್ಯೂಮಿನಿಯಂ ಕರಗೋದೇ 660 ಡಿಗ್ರಿಗೆ, ಪಿಸ್ಟನ್ ಉಳ್ಕೊಳ್ಳೋದು ಕೆಳಗಿಂದ ಆಯಿಲ್ ಚಿಮ್ಮಿ ತಣ್ಣಗೆ ಮಾಡ್ತಿರತ್ತಲ್ಲ ಅದರಿಂದ. ಸ್ಟೀಲ್ ಪಿಸ್ಟನ್ ಇರೋ ಇಂಜಿನ್ ಇನ್ನೂ ತಡೆಯತ್ತೆ, ಆದ್ರೆ ಆಗ ವಾಲ್ವ್, ಮೇನ್‌ಫೋಲ್ಡ್, ಟರ್ಬೊ ಹೌಸಿಂಗ್ ಬಿರುಕು ಬಿಡೋಕೆ ಶುರು ಆಗತ್ತೆ.

ಇನ್ನು ಎಷ್ಟು ದೊಡ್ಡದು ಅನ್ನೋದು. ಲೆಕ್ಕ ಹಾಕೋದು ಕಷ್ಟ ಏನಿಲ್ಲ, ನಿಮ್ಮ 12 ಲೀಟರ್ ಇಂಜಿನ್ನನ್ನೇ ತಗೊಳ್ಳೋಣ. ಫೋರ್ ಸ್ಟ್ರೋಕ್ ಆಗಿರೋದ್ರಿಂದ ಎರಡು ಸುತ್ತಿಗೆ ಒಂದ್ಸಲ ಗಾಳಿ ಎಳೀತದೆ, 1800 ಆರ್‌ಪಿಎಂಗೆ 900 ಸಲ, ಸಿಲಿಂಡರ್ ಶೇಕಡಾ 90 ರಷ್ಟು ತುಂಬತ್ತೆ ಅಂದ್ಕೊಂಡ್ರೆ ನಿಮಿಷಕ್ಕೆ 9,720 ಲೀಟರ್. ಬೂಸ್ಟ್ 2 ಬಾರ್ ಅಂದ್ರೆ ಹೊರಗಿನ ಗಾಳಿಯ 1 ಬಾರ್ ಸೇರ್ಸಿ ಒಟ್ಟು 3 ಬಾರ್, ಇಂಟರ್‌ಕೂಲರ್ ಆದ್ಮೇಲೆ 50 ಡಿಗ್ರಿ ಬಿಸಿ ಇದ್ರೆ ಆ ಗಾಳಿ ಒಂದು ಘನ ಮೀಟರ್‌ಗೆ ಸುಮಾರು 3.2 ಕೆಜಿ ತೂಗತ್ತೆ, ಅಲ್ಲಿಗೆ ನಿಮಿಷಕ್ಕೆ 31 ಕೆಜಿ ಗಾಳಿ. 22 ಕೆಜಿ ಗಾಳಿಗೆ 1 ಕೆಜಿ ಡೀಸೆಲ್ ಲೆಕ್ಕದಲ್ಲಿ ಗಂಟೆಗೆ 85 ಕೆಜಿ ಡೀಸೆಲ್ ಹೊಗೆ ಇಲ್ದೆ ಉರಿಸ್ಬೋದು, ಅದು ಸುಮಾರು 425 ಕಿಲೋವ್ಯಾಟ್, 570 ಹಾರ್ಸ್‌ಪವರ್ ಹತ್ರ ಹೋಗತ್ತೆ. ಅದೇ ಬೂಸ್ಟು 1200 ಆರ್‌ಪಿಎಂನಲ್ಲಿ ಬಂದ್ರೆ ಗಾಳಿ 21 ಕೆಜಿ. ಅಂದ್ರೆ ನಿಮಗೆ ಬೇಕಾಗಿರೋದು 21 ರಿಂದ 31 ಕೆಜಿ ತನಕ ಆರಾಮಾಗಿ ಕೆಲ್ಸ ಮಾಡೋ ಟರ್ಬೊ. 45 ಕೆಜಿ ಕೊಡೋ ತಾಕತ್ತಿರೋದು ತಂದ್ರೆ ಆ ಮೇಲಿನ ತಾಕತ್ತು ನಿಮ್ಮ ಇಂಜಿನ್ನಿಗೆ ಯಾವತ್ತೂ ಸಿಗಲ್ಲ, ಕೆಳಗಿನದ್ದು ಮಾತ್ರ ಕಳ್ಕೊಳ್ತೀರ.

ಪ್ರತಿ ಟರ್ಬೊಗೂ ಅದನ್ನ ಮಾಡಿದ ಕಂಪನಿ ಒಂದು ಕಂಪ್ರೆಸರ್ ಮ್ಯಾಪ್ ಮಾಡಿರತ್ತೆ, ಬೆಟ್ಟದ ನಕ್ಷೆ ಥರ ಸುತ್ತು ಸುತ್ತಾಗಿ ಗೆರೆ ಇರತ್ತೆ. ಅಡ್ಡಕ್ಕೆ ಗಾಳಿ ಎಷ್ಟು, ಉದ್ದಕ್ಕೆ ಪ್ರೆಷರ್ ಎಷ್ಟು ಪಟ್ಟು ಅಂತ. ಎಡಗಡೆ ಗೆರೆ ದಾಟಿದ್ರೆ ಸರ್ಜ್, ಅಂದ್ರೆ ಒತ್ತಿದ ಗಾಳಿ ಹಿಂದಕ್ಕೆ ನುಗ್ಗೋದು, ಬಲಗಡೆ ದಾಟಿದ್ರೆ ವೀಲ್ ಎಷ್ಟು ತಿರುಗಿದ್ರೂ ಗಾಳಿ ಜಾಸ್ತಿ ಆಗಲ್ಲ, ಸುಮ್ನೆ ಬಿಸಿ ಆಗತ್ತೆ. ಮಧ್ಯದಲ್ಲಿ ನಿಮ್ಮ ಎರಡು ಅಂಕಿ ಬೀಳ್ಬೇಕು. ಮಧ್ಯ ಯಾಕೆ ಅಂದ್ರೆ, 27 ಡಿಗ್ರಿ ಗಾಳಿನ ಮೂರು ಪಟ್ಟು ಒತ್ತಿದಾಗ ಒಳ್ಳೆ ಜಾಗದಲ್ಲಿ, ಶೇಕಡಾ 75 ದಕ್ಷತೆಯಲ್ಲಿ, ಅದು 175 ಡಿಗ್ರಿಗೆ ಬರತ್ತೆ, ಮ್ಯಾಪಿನ ಅಂಚಲ್ಲಿ ಶೇಕಡಾ 60 ಆದ್ರೆ 210 ದಾಟತ್ತೆ. ಆ ಬಿಸಿ ಎಲ್ಲ ಇಂಟರ್‌ಕೂಲರ್ ತಲೆ ಮೇಲೆ. ಮಾರೋರು ಇಂಚಿನ ಲೆಕ್ಕ, ಹಾರ್ಸ್‌ಪವರ್ ಲೆಕ್ಕ ಹೇಳ್ತಾರೆ, ನೀವು ಮ್ಯಾಪ್ ಕೇಳಿ, ಕೊಡೋಕೆ ಇಲ್ಲ ಅಂದ್ರೆ ಅಲ್ಲಿ ತಗೊಳ್ಬೇಡಿ.

ಲೋಡು ಎಳೆಯೋ ಗಾಡಿ ದುಡಿಯೋದು 1100 ರಿಂದ 1600 ಆರ್‌ಪಿಎಂ ಒಳಗೆ. ಈ ಒಂದು ಮಾತು ಮರೀಬೇಡಿ ಸರ್, ನಾನು ಈ ಅಂಕಣದಲ್ಲಿ ಹೇಳ್ತಿರೋದೆಲ್ಲ ಇದರ ಸುತ್ತಾನೇ ಇದೆ. ಟ್ರ್ಯಾಕ್ಟರ್ ಪುಲ್ಲಿಂಗ್ ಸ್ಪರ್ಧೆ ಗಾಡಿಗೆ ಹಾಕೋ ಟರ್ಬೊ ನೋಡಿ ಆಸೆ ಪಟ್ಟು ತಂದು ಹಾಕಿದ್ರೆ ಏರಿನ ಬುಡದಲ್ಲಿ ಎಕ್ಸ್‌ಲೇಟರ್ ತುಳ್ಕೊಂಡು ಬೂಸ್ಟ್ ಬರ್ಲಿ ಅಂತ ಕಾಯ್ತಾ ಕೂತಿರ್ಬೇಕಾಗತ್ತೆ, ಅಷ್ಟೊತ್ತಿಗೆ ಗಾಡಿ ಸ್ಪೀಡ್ ಬಿದ್ದು ಮತ್ತೆ ಗೇರ್ ಇಳಿಸಿರ್ತೀರ, ಹೊಗೆ ಮೊದ್ಲಿಗಿಂತ ಜಾಸ್ತಿ.

ಪ್ರಶ್ನೆ: ಅಣ್ಣಾ, ಗ್ಯಾರೇಜಲ್ಲಿ ಕೆಲ್ಸ ಕಲೀತಿದೀನಿ. ಟರ್ಬೊ ಬಿಸಿ ಕಡೆ ಹೌಸಿಂಗ್ ಮೇಲೆ ಎ/ಆರ್ ಅಂತ ನಂಬರ್ ಇರತ್ತಲ್ಲ ಅದೇನು? ಮತ್ತೆ ಕೆಲವು ಹೌಸಿಂಗಿಗೆ ಒಂದೇ ಬಾಯಿ, ಕೆಲವಕ್ಕೆ ಎರಡು ಬಾಯಿ ಯಾಕೆ?

ಉತ್ತರ: ಒಳ್ಳೆ ಪ್ರಶ್ನೆ ತಮ್ಮಾ. ಹೌಸಿಂಗ್ ಬಸವನ ಹುಳದ ಚಿಪ್ಪಿನ ಥರ ಸುತ್ಕೊಂಡಿರತ್ತೆ ಅಲ್ವಾ, ಅದರೊಳಗೆ ಗ್ಯಾಸ್ ಹೋಗೋ ದಾರಿಯ ಅಗಲ, ಅಂದ್ರೆ ಅಡ್ಡ ಕೊಯ್ದಾಗ ಬರೋ ವಿಸ್ತೀರ್ಣ, ಎ. ಆ ದಾರಿ ಮಧ್ಯದಿಂದ ಶಾಫ್ಟ್ ಮಧ್ಯದ ತನಕ ಇರೋ ದೂರ ಆರ್. ಒಂದನ್ನ ಇನ್ನೊಂದರಿಂದ ಭಾಗಿಸಿದ್ರೆ ಆ ನಂಬರ್. ನಲ್ಲಿ ಪೈಪಿನ ಬಾಯಿಗೆ ಹೆಬ್ಬೆಟ್ಟು ಒತ್ತಿದಾಗ ನೀರು ಹೇಗೆ ಜೋರಾಗಿ ಚಿಮ್ಮತ್ತೆ ನೋಡು, ನಂಬರ್ ಸಣ್ಣದಿದ್ರೆ ಹಾಗೆ. ಕಮ್ಮಿ ಆರ್‌ಪಿಎಂನಲ್ಲೇ ಗ್ಯಾಸ್ ಜೋರಾಗಿ ವೀಲಿಗೆ ಬಡಿದು ಟರ್ಬೊ ಬೇಗ ಏಳತ್ತೆ, ಆದ್ರೆ ಆರ್‌ಪಿಎಂ ಮೇಲೆ ಹೋದಾಗ ದಾರಿ ಸಾಲ್ದೆ ಹಿಂದಕ್ಕೆ ಒತ್ತಡ. ನಂಬರ್ ದೊಡ್ಡದಿದ್ರೆ ಮೇಲೆ ಆರಾಮು, ಕೆಳಗೆ ಸೋಮಾರಿ. ಎಷ್ಟೋ ಸಲ ಪೂರ್ತಿ ಟರ್ಬೊ ಬದಲಾಯ್ಸೋದೇ ಬೇಡ, ಹೌಸಿಂಗ್ ಒಂದು ಸೈಜ್ ಬದಲಾಯ್ಸಿದ್ರೆ ಸಾಕಾಗತ್ತೆ, ಇದನ್ನ ಗಿರಾಕಿಗೆ ಹೇಳೋ ಮೆಕ್ಯಾನಿಕ್ ಆಗು ನೀನು.

ಎರಡು ಬಾಯಿ ವಿಷ್ಯ ಆರು ಸಿಲಿಂಡರ್ ಇಂಜಿನ್ನಲ್ಲಿ ಚೆನ್ನಾಗಿ ಗೊತ್ತಾಗತ್ತೆ. ಫೈರಿಂಗ್ ಆರ್ಡರ್ 1-5-3-6-2-4 ಅಂತ ಇರತ್ತಲ್ಲ, ಅದನ್ನ ಒಂದು ಪೇಪರಲ್ಲಿ ಬರ್ದು ನೋಡು, ಮುಂದಿನ ಮೂರರಲ್ಲಿ ಒಂದು, ಹಿಂದಿನ ಮೂರರಲ್ಲಿ ಒಂದು, ಹೀಗೆ ಅದಲು ಬದಲಾಗಿ ಬರತ್ತೆ. ಮುಂದಿನ ಮೂರನ್ನ ಒಂದು ಬಾಯಿಗೆ, ಹಿಂದಿನ ಮೂರನ್ನ ಇನ್ನೊಂದಕ್ಕೆ ಕೊಟ್ರೆ ಒಂದೊಂದು ಬಾಯಲ್ಲೂ ಕ್ರ್ಯಾಂಕ್ 240 ಡಿಗ್ರಿ ತಿರುಗಿದ್ಮೇಲೆನೇ ಮುಂದಿನ ಹೊಡೆತ ಬರೋದು. ಒಂದು ಸಿಲಿಂಡರ್ ಉಗುಳಿದ ಗ್ಯಾಸ್ ಇನ್ನೊಂದರ ತೆರೆದ ವಾಲ್ವಿಗೆ ನುಗ್ಗಲ್ಲ, ಹೊಡೆತದ ರಭಸ ಪೂರ್ತಿ ವೀಲಿಗೇ ಸಿಗತ್ತೆ. ಲೋಡು ಗಾಡಿಗೆ ಎರಡು ಬಾಯಿಯ ಮೇನ್‌ಫೋಲ್ಡ್ ಇದ್ದೂ ಒಂದು ಬಾಯಿ ಟರ್ಬೊ ಅಡಾಪ್ಟರ್ ಇಟ್ಟು ಕೂರ್ಸೋದನ್ನ ನೋಡಿದೀನಿ, ಕೆಳಗಿನ ಪುಲ್ಲಿಂಗ್ ಪೂರ್ತಿ ಹಾಳಾಗತ್ತೆ, ನೀನು ಹಾಗೆ ಮಾಡ್ಬೇಡ.

ಪ್ರಶ್ನೆ: ಟರ್ಬೊ ಬದಲಾಯ್ಸೋದು ಬೇಡ ಅಂತ ವೇಸ್ಟ್‌ಗೇಟ್ ರಾಡ್ ಟೈಟ್ ಮಾಡಿ ಬೂಸ್ಟ್ ಏರಿಸ್ಕೊಂಡಿದೀನಿ, ತಪ್ಪಾ ಸರ್?

ಉತ್ತರ: ತಪ್ಪು ಸರ್, ಇವತ್ತೇ ವಾಪಸ್ ಬಿಡ್ಸಿ. ವೇಸ್ಟ್‌ಗೇಟ್ ಇರೋದು ಜಾಸ್ತಿ ಗ್ಯಾಸನ್ನ ವೀಲಿಗೆ ಹೋಗದಂಗೆ ಪಕ್ಕಕ್ಕೆ ಬಿಟ್ಟು ಶಾಫ್ಟ್ ಅತಿ ವೇಗಕ್ಕೆ ಹೋಗದಂಗೆ ಹಿಡಿಯೋಕೆ. ದೊಡ್ಡ ಗಾಡಿ ಟರ್ಬೊನೂ ನಿಮಿಷಕ್ಕೆ ಲಕ್ಷ ಸುತ್ತಿನ ಹತ್ರ ತಿರುಗತ್ತೆ, ಆ ವೇಗದಲ್ಲಿ ವೀಲ್ ಒಡೆದ್ರೆ ಚೂರು ಎಲ್ಲಿಗೆ ಹೋಗತ್ತೆ ಹೇಳೋಕಾಗಲ್ಲ. ಎತ್ತರದ ರಸ್ತೇಲಿ ಓಡಿಸೋರಿಗಂತೂ ಇದು ಇನ್ನೂ ಅಪಾಯ. ಸಮುದ್ರ ಮಟ್ಟದಲ್ಲಿ 3 ಬಾರ್ ಒಟ್ಟು ಪ್ರೆಷರ್ ಬೇಕಂದ್ರೆ ಫಿಲ್ಟರ್, ಇಂಟರ್‌ಕೂಲರ್ ತಿನ್ನೋದು ಸೇರ್ಸಿ ಟರ್ಬೊ 3.2 ಪಟ್ಟು ಒತ್ತಿದ್ರೆ ಸಾಕು, 2000 ಮೀಟರ್ ಎತ್ತರದಲ್ಲಿ ಹೊರಗಿನ ಗಾಳಿನೇ 0.8 ಬಾರ್‌ಗೆ ಇಳಿದಿರತ್ತೆ, ಅಲ್ಲಿ ಅದೇ 3 ಬಾರ್‌ಗೆ 4 ಪಟ್ಟು ಒತ್ತಬೇಕು. ಒಂದು ಟರ್ಬೊಗೆ ಅದು ಸುಲಭದ ಕೆಲ್ಸ ಅಲ್ಲ. ಅಷ್ಟು ಬೇಕಾದವ್ರು ಎರಡು ಟರ್ಬೊನ ಒಂದರ ಹಿಂದೆ ಒಂದು ಜೋಡಿಸ್ತಾರೆ, ಒಂದು 2 ಪಟ್ಟು, ಅದರ ಮೇಲೆ ಇನ್ನೊಂದು 2 ಪಟ್ಟು, ಒಟ್ಟು 4, ಎರಡೂ ಆರಾಮಾಗಿರತ್ತೆ. ಆದ್ರೆ ಪೈಪು, ಜಾಗ, ಬಿಸಿ, ಆಯಿಲ್ ಲೈನು ಎಲ್ಲ ಎರಡೆರಡು, ದಿನಾ ದುಡಿಯೋ ಗಾಡಿಗೆ ಕಂಪನಿಯಿಂದ ಹಾಗೇ ಬಂದಿದ್ರೆ ಸರಿ, ಹೊರಗೆ ಮಾಡ್ಸೋದನ್ನ ನಾನು ಹೇಳಲ್ಲ.

ಪ್ರಶ್ನೆ: ನಮ್ಮ ಗಾಡೀಲಿ ವಿಜಿಟಿ ಟರ್ಬೊ ಇದೆ, ಪದೇ ಪದೇ ಜಾಮ್ ಆಗಿ ಚೆಕ್ ಲೈಟ್ ಬರತ್ತೆ. ಅದನ್ನ ತೆಗೆದು ಹಳೇ ಥರದ ಸಾದಾ ಟರ್ಬೊ ದೊಡ್ಡದು ಹಾಕ್ಸಿದ್ರೆ ತಲೆನೋವೇ ಇರಲ್ಲ ಅಂತಾರೆ. ನಿಜಾನಾ?

ಉತ್ತರ: ಈ ಮಾತು ಕೇಳಿದಾಗೆಲ್ಲ ನಂಗೆ ಇಳಿಜಾರಲ್ಲಿ ಫುಲ್ ಲೋಡ್ ಗಾಡಿ ನೆನಪಾಗತ್ತೆ, ಯಾಕೆ ಅಂತ ಹೇಳ್ತೀನಿ ಕೇಳಿ. ವಿಜಿಟಿಲಿ ಗ್ಯಾಸ್ ವೀಲಿಗೆ ಹೋಗೋ ದಾರಿನ ಚಿಕ್ಕದು ದೊಡ್ಡದು ಮಾಡೋ ರಿಂಗೋ ರೆಕ್ಕೆಗಳೋ ಇರತ್ತೆ, ಇಸಿಎಂ (ಇಂಜಿನ್ ಕಂಪ್ಯೂಟರ್) ಅದನ್ನ ಮೋಟರಿಂದ ಆಡಿಸ್ತಿರತ್ತೆ. ಮೇಲೆ ಹೇಳಿದ ಎ/ಆರ್ ನಂಬರ್ ಓಡ್ತಾ ಓಡ್ತಾನೇ ಬದಲಾಗ್ತಿರತ್ತೆ ಅಂದ್ಕೊಳ್ಳಿ. ಈ ರಿಂಗ್ ಮೂರು ಕೆಲ್ಸ ಮಾಡತ್ತೆ. ಕಮ್ಮಿ ಆರ್‌ಪಿಎಂನಲ್ಲಿ ಬೂಸ್ಟ್ ಎಬ್ಬಿಸತ್ತೆ, ಅದು ಎಲ್ರಿಗೂ ಗೊತ್ತು. ಎರಡನೇದು ಇಜಿಆರ್, ಸುಟ್ಟ ಗ್ಯಾಸನ್ನ ವಾಪಸ್ ಇಂಜಿನ್ ಒಳಗೆ ಕಳ್ಸೋ ವ್ಯವಸ್ಥೆ. ಗ್ಯಾಸ್ ಹಿಂದಕ್ಕೆ ಹರೀಬೇಕು ಅಂದ್ರೆ ಎಕ್ಸಾಸ್ಟ್ ಕಡೆ ಪ್ರೆಷರ್ ಬೂಸ್ಟ್‌ಗಿಂತ ಜಾಸ್ತಿ ಇರ್ಬೇಕು, ಅದನ್ನ ಮಾಡ್ಕೊಡೋದು ಈ ರಿಂಗೇ. ಸಾದಾ ದೊಡ್ಡ ಟರ್ಬೊ ಹಾಕಿದ ತಕ್ಷಣ ಆ ಹರಿವು ನಿಲ್ಲತ್ತೆ, ಇಸಿಎಂ ಫಾಲ್ಟ್ ಹಾಕಿ ಪವರ್ ಕಟ್ ಮಾಡತ್ತೆ. ಅದನ್ನ ಸುಮ್ನಿರ್ಸೋಕೆ ಸಾಫ್ಟ್‌ವೇರ್ ಬದಲಾಯ್ಸೋರು ಇದಾರೆ, ಆದ್ರೆ ಹೊಗೆ ನಿಯಂತ್ರಣದ ಭಾಗ ತೆಗೆಯೋದು ಬಹಳಷ್ಟು ದೇಶಗಳಲ್ಲಿ ಕಾನೂನು ಪ್ರಕಾರ ಅಪರಾಧ, ನಾನು ಆ ದಾರಿ ತೋರ್ಸಲ್ಲ. ಹೊರಗೆ ಬರೋ ಆ ಹೊಗೆನ ಮೊದ್ಲು ಕುಡಿಯೋದು ಗಾಡಿ ಸುತ್ತ ದಿನಾ ನಿಲ್ಲೋ ಡ್ರೈವರ್, ಕ್ಲೀನರ್, ಲೋಡ್ ಮಾಡೋ ಜನಾನೇ.

ಮೂರನೇ ಕೆಲ್ಸ ಬ್ರೇಕು. ಇಂಜಿನ್ ಬ್ರೇಕ್ ಇರೋ ಗಾಡೀಲಿ ಪಿಸ್ಟನ್ ಗಾಳಿನ ಒತ್ತಿ ಮೇಲೆ ಬಂದ ತಕ್ಷಣ ಎಕ್ಸಾಸ್ಟ್ ವಾಲ್ವ್ ತೆರೆದು ಆ ಒತ್ತಿದ ಗಾಳಿನ ಬಿಟ್ಬಿಡತ್ತೆ, ಒತ್ತೋಕೆ ಹಾಕಿದ ಶಕ್ತಿ ವಾಪಸ್ ಸಿಗಲ್ಲ, ಗಾಡಿ ತಡೆಯತ್ತೆ. ಈ ಯೋಚನೆ ಕಮ್ಮಿನ್ಸ್ ಕಂಪನಿ ಕಟ್ಟಿದ ಕ್ಲೆಸ್ಸಿ ಕಮ್ಮಿನ್ಸ್ ಅವರದ್ದು. 1931 ರಲ್ಲಿ ಕ್ಯಾಲಿಫೋರ್ನಿಯಾದ ಕಜೋನ್ ಪಾಸ್ ಇಳಿಜಾರಲ್ಲಿ ಅವರಿದ್ದ ಟ್ರಕ್ಕಿನ ಬ್ರೇಕ್ ಸೋತು, ಕೆಳಗೆ ಹಳಿ ಮೇಲೆ ಹೋಗ್ತಿದ್ದ ರೈಲಿಗೆ ಗುದ್ದೋದು ಸ್ವಲ್ಪದರಲ್ಲಿ ತಪ್ಪಿತ್ತು, ಆ ಅನುಭವ ಅವರ ಮನಸ್ಸಲ್ಲಿ ವರ್ಷಗಟ್ಲೆ ಕೂತಿತ್ತು, 1961 ರಲ್ಲಿ ಜೇಕಬ್ಸ್ ಕಂಪನಿ ಅದನ್ನ ತಯಾರ್ಸಿ ಮಾರೋಕೆ ಶುರು ಮಾಡ್ತು. ಈಗ ಯೋಚ್ನೆ ಮಾಡಿ, ಸಿಲಿಂಡರ್ ಒಳಗೆ ಎಷ್ಟು ಗಾಳಿ ತುಂಬಿರತ್ತೋ ಅಷ್ಟೇ ಬ್ರೇಕು. ಇಳಿಜಾರಲ್ಲಿ ಡೀಸೆಲ್ ಬಂದ್, ಎಕ್ಸಾಸ್ಟಲ್ಲಿ ಬಿಸಿ ಕಮ್ಮಿ, ಅಂಥಾ ಹೊತ್ತಲ್ಲೂ ವಿಜಿಟಿ ದಾರಿ ಚಿಕ್ಕದು ಮಾಡಿ ಬೂಸ್ಟ್ ಎಬ್ಬಿಸ್ಕೊಡತ್ತೆ. ದೊಡ್ಡ ಸಾದಾ ಟರ್ಬೊ ಆ ಹೊತ್ತಲ್ಲಿ ಸುಮ್ನೆ ತಿರುಗ್ತಾ ಇರತ್ತೆ. ಏರಲ್ಲಿ ಪುಲ್ಲಿಂಗ್ ಸಿಕ್ತು ಅಂತ ಖುಷಿ ಪಟ್ಟವ್ರಿಗೆ ಇಳಿಜಾರಲ್ಲಿ ಬ್ರೇಕ್ ಡ್ರಮ್ ಕೆಂಪಾದಾಗ ಗೊತ್ತಾಗತ್ತೆ ಏನು ಕಳ್ಕೊಂಡ್ವಿ ಅಂತ.

ಹಾಗಾಗಿ ಜಾಮ್ ಯಾಕೆ ಆಗ್ತಿದೆ ಅಂತ ಹುಡುಕ್ಸಿ. ರಿಂಗ್ ಹಿಡ್ಕೊಳ್ಳೋದು ಮಸಿಯಿಂದ, ಮಸಿ ಜಾಸ್ತಿ ಬರೋದು ಬೂಸ್ಟ್ ಲೀಕಿಂದ, ನಾಝಲ್ ತೊಟ್ಟಿಕ್ಕೋದ್ರಿಂದ, ಗಂಟೆಗಟ್ಲೆ ಐಡಲಲ್ಲಿ ಬಿಡೋದ್ರಿಂದ. ಅದನ್ನ ಸರಿ ಮಾಡ್ದೆ ಟರ್ಬೊ ಎಷ್ಟು ಸಲ ಬದಲಾಯ್ಸಿದ್ರೂ ಅಷ್ಟೇ. ಆಕ್ಚುಯೇಟರ್, ಅಂದ್ರೆ ರಿಂಗ್ ಆಡಿಸೋ ಮೋಟರ್, ಬದಲಾಯ್ಸಿದ್ರೆ ಸ್ಕ್ಯಾನರ್ ಹಾಕಿ ಕ್ಯಾಲಿಬ್ರೇಶನ್ ಮಾಡ್ಲೇಬೇಕು, ಬೋಲ್ಟ್ ಟೈಟ್ ಮಾಡಿ ಕಳಿಸ್ಬಿಟ್ರೆ ರಿಂಗ್ ಎಲ್ಲಿದೆ ಅಂತ ಇಸಿಎಂಗೆ ಗೊತ್ತೇ ಆಗಲ್ಲ.

ಪ್ರಶ್ನೆ: ಹೊಸ ಟರ್ಬೊ ಹಾಕ್ಸಿ ಎರಡೇ ತಿಂಗಳು, ಗಾಳಿ ಪೈಪಲ್ಲಿ ಆಯಿಲ್ ಬರ್ತಿದೆ. ಮಾಲ್ ಕಳಪೆ ಅಂತ ಇನ್ನೊಂದು ಹಾಕ್ಸಿದ್ವಿ, ಅದೂ ಹಾಗೇ. ಏನ್ ಮಾಡೋದು?

ಉತ್ತರ: ಎರಡು ಟರ್ಬೊನೂ ಒಂದೇ ಥರ ಸೋರಿದ್ರೆ ತಪ್ಪು ಟರ್ಬೊದ್ದಲ್ಲ ಅಂತ ನಂಬಬೋದು. ಟರ್ಬೊ ಒಳಗೆ ನಾವು ಅಂದ್ಕೊಂಡಂಗೆ ರಬ್ಬರ್ ಸೀಲ್ ಇಲ್ಲ, ಆ ಬಿಸಿಗೆ ರಬ್ಬರ್ ನಿಲ್ಲಲ್ಲ. ಇರೋದು ಪಿಸ್ಟನ್ ರಿಂಗ್ ಥರದ ಸಣ್ಣ ಲೋಹದ ರಿಂಗು, ಆಯಿಲನ್ನ ನಿಜವಾಗಿ ತಡೆಯೋದು ಎರಡೂ ಕಡೆಯಿಂದ ಒತ್ತೋ ಗಾಳಿ ಮತ್ತು ಗ್ಯಾಸಿನ ಪ್ರೆಷರ್. ಶಾಫ್ಟಿಗೆ ಬಂದ ಆಯಿಲ್ ನೊರೆಯಾಗಿ ತನ್ನ ಭಾರದಿಂದಲೇ ಕೆಳಗೆ ಇಳಿದು ಇಂಜಿನ್ ತಳದ ಆಯಿಲ್ ಸಂಪ್‌ಗೆ ಹೋಗ್ಬೇಕು. ಆ ವಾಪಸ್ ಪೈಪ್ ಬಗ್ಗಿದ್ರೆ, ಒಳಗೆ ಕರಿ ಗಟ್ಟಿದ್ರೆ, ಗ್ಯಾಸ್ಕೆಟ್ ಜಾಗಕ್ಕೆ ಸಿಲಿಕಾನ್ ಬಳಿದು ಅದು ಒಳಗೆ ಉಬ್ಬಿದ್ರೆ, ಟರ್ಬೊನ ಓರೆಯಾಗಿ ಕೂರ್ಸಿ ಪೈಪ್ ನೇರ ಕೆಳಗೆ ಇಳಿಯದೆ ಇದ್ರೆ, ಆಯಿಲ್ ಅಲ್ಲೇ ನಿಂತು ಸಿಕ್ಕಿದ ದಾರಿ ಹಿಡಿಯತ್ತೆ. ಇಂಜಿನ್ ಬೋರ್ ಸವೆದು ಬ್ಲೋಬೈ (ಪಿಸ್ಟನ್ ದಾಟಿ ಕೆಳಗೆ ನುಗ್ಗೋ ಗ್ಯಾಸ್) ಜಾಸ್ತಿ ಇದ್ರೂ, ಬ್ರೀದರ್ ಪೈಪ್ ಕಟ್ಟಿದ್ರೂ ಸಂಪಲ್ಲಿ ಪ್ರೆಷರ್ ತುಂಬಿ ಆಯಿಲ್ ಇಳಿಯೋಕೆ ಬಿಡಲ್ಲ. ಏರ್ ಫಿಲ್ಟರ್ ಕಟ್ಟಿದ್ರೆ ಮುಂದಿನಿಂದ ಎಳ್ಕೊಳ್ಳತ್ತೆ. ಇಷ್ಟನ್ನೂ ಸರದಿ ಪ್ರಕಾರ ನೋಡ್ಸಿ, ಮೂರನೇ ಟರ್ಬೊ ತರೋ ಮುಂಚೆ.

ಇನ್ನೊಂದು ವಿಷ್ಯ, ಇದನ್ನ ನಾನು ಕಣ್ಣಾರೆ ಅನುಭವ್ಸಿದೀನಿ. ವರ್ಷಗಳ ಹಿಂದೆ ನಾನು ಕೆಲ್ಸ ಮಾಡ್ತಿದ್ದ ಜಾಗದಲ್ಲಿ ಒಂದು ಗಾಡಿ ಟರ್ಬೊ ಒಡೆದು ಬಂತು, ಹೊಸದು ಕೂರ್ಸಿದ್ವಿ, ಅವಸರ ಇತ್ತು, ಇಂಟರ್‌ಕೂಲರ್ ಬಿಚ್ಚಿ ತೊಳೀಲಿಲ್ಲ. ಹಳೇ ಟರ್ಬೊ ಉಗುಳಿದ ಆಯಿಲ್ ಲೀಟರ್‌ಗಟ್ಲೆ ಅದರೊಳಗೆ ನಿಂತಿತ್ತು. ಸ್ಟಾರ್ಟ್ ಮಾಡಿ ರೇಸ್ ಕೊಟ್ಟಿದ್ದೇ ತಡ, ಆ ಆಯಿಲ್ ಗಾಳಿ ಜೊತೆ ಸಿಲಿಂಡರ್‌ಗೆ ಹೋಗಿ ಇಂಜಿನ್ ಅದನ್ನೇ ಉರಿಸ್ಕೊಂಡು ತಾನೇ ಏರೋಕೆ ಶುರು ಮಾಡ್ತು. ಚಾವಿ ಆಫ್ ಮಾಡಿದ್ರೂ ನಿಲ್ಲಲ್ಲ, ಯಾಕಂದ್ರೆ ಅದಕ್ಕೆ ನಮ್ಮ ಡೀಸೆಲ್ ಬೇಕಿರ್ಲಿಲ್ಲ. ಜೊತೆಗಿದ್ದ ಹಿರಿಯ ಮೆಕ್ಯಾನಿಕ್ ದಪ್ಪ ಹಲಗೆ ತಂದು ಗಾಳಿ ಬಾಯಿಗೆ ಒತ್ತಿ ಹಿಡಿದು ಉಸಿರು ಕಟ್ಸಿದ್ರು, ಇನ್ನೊಂದು ಹತ್ತು ಸೆಕೆಂಡ್ ಆಗಿದ್ರೆ ಕನೆಕ್ಟಿಂಗ್ ರಾಡ್ ಬ್ಲಾಕ್ ಒಡ್ಕೊಂಡು ಹೊರಗೆ ಬರ್ತಿತ್ತು. ಕೈ, ಬಟ್ಟೆ ಒಡ್ಡೋಕೆ ಹೋಗ್ಬೇಡಿ, ಎಳ್ಕೊಂಡ್ಬಿಡತ್ತೆ. ಅವತ್ತಿಂದ ಟರ್ಬೊ ಒಡೆದ ಗಾಡಿ ಬಂದ್ರೆ ಇಂಟರ್‌ಕೂಲರ್ ಇಳಿಸಿ ತೊಳೆದು ಒಣಗಿಸ್ದೆ ನಾನು ಸ್ಟಾರ್ಟ್ ಮಾಡೋಕೆ ಬಿಡಲ್ಲ, ಒಳಗೆ ವೀಲ್ ಚೂರು ಸಿಕ್ಕಿದ್ರೆ ಇಂಟರ್‌ಕೂಲರ್‌ನೇ ಬದಲಾಯಿಸ್ತೀನಿ.

ಪ್ರಶ್ನೆ: ದೊಡ್ಡ ಟರ್ಬೊ ಹಾಕ್ಸಿದ್ಮೇಲೆ ಗೇರ್ ಹಾಕೋಕೆ ಎಕ್ಸ್‌ಲೇಟರ್ ಬಿಟ್ರೆ ಬುಸ್ ಬುಸ್ ಅಂತ ನಾಯಿ ಬೊಗಳ್ದಂಗೆ ಸದ್ದು. ಕೇಳೋಕೆ ಚೆನ್ನಾಗಿದೆ, ತೊಂದ್ರೆ ಇದ್ಯಾ?

ಉತ್ತರ: ಇದೆ, ಅದೇ ಸರ್ಜ್. ಟರ್ಬೊ ಇನ್ನೂ ತಿರುಗ್ತಾ ಗಾಳಿ ತಳ್ತಿದೆ, ಇಂಜಿನ್ ತಗೊಳ್ತಿಲ್ಲ, ಒತ್ತಿದ ಗಾಳಿ ಹಿಂದಕ್ಕೆ ನುಗ್ಗಿ ವೀಲಿಗೆ ಹೊಡೆಯತ್ತೆ. ಒಂದು ಸಲಕ್ಕೆ ಏನಾಗಲ್ಲ, ದಿನಕ್ಕೆ ನೂರಾರು ಗೇರಿಗೆ ನೂರಾರು ಏಟು, ಶಾಫ್ಟ್ ಹಿಂದೆ ಮುಂದೆ ಜಾರದಂಗೆ ಹಿಡಿಯೋ ಥ್ರಸ್ಟ್ ಬೇರಿಂಗ್ ಮೇಲೆ. ಏರಲ್ಲಿ ಎಕ್ಸ್‌ಲೇಟರ್ ಒತ್ತಿ ಹಿಡಿದಾಗಲೂ ಈ ಸದ್ದು ಬಂದ್ರೆ ಟರ್ಬೊ ನಿಮ್ಮ ಇಂಜಿನ್ನಿಗೆ ದೊಡ್ಡದಾಯ್ತು, ಸಣ್ಣ ವೀಲಿಂದು ಹಾಕ್ಸಿ.

ಪ್ರಶ್ನೆ: ಟರ್ಬೊ ಶಾಫ್ಟ್ ಕೈಯಲ್ಲಿ ಹಿಡಿದ್ರೆ ಅಲ್ಲಾಡತ್ತೆ, ಹೋಯ್ತಾ?

ಉತ್ತರ: ಮೇಲೆ ಕೆಳಗೆ ಸ್ವಲ್ಪ ಅಲ್ಲಾಡ್ಲೇಬೇಕು, ಬೇರಿಂಗ್ ಆಯಿಲ್ ಪದರದ ಮೇಲೆ ತೇಲೋ ಥರ ಮಾಡಿರೋದು, ಇಂಜಿನ್ ನಿಂತಾಗ ಆ ಪದರ ಇರಲ್ಲ. ಹಿಂದೆ ಮುಂದೆ ಕೈಗೆ ಗೊತ್ತಾಗೋ ಅಷ್ಟು ಆಡಿದ್ರೆ, ಅಥವಾ ವೀಲ್ ಹೌಸಿಂಗಿಗೆ ತಾಗಿ ಗೀಚಿದ ಗುರುತಿದ್ರೆ ಹೋಯ್ತು ಅಂತ ಲೆಕ್ಕ.

ಪ್ರಶ್ನೆ: ಸರ್, ನಿಮ್ಮ ಹಿಂದಿನ ಅಂಕಣ ಓದಿ ಲೆಕ್ಕ ಎಲ್ಲ ಹಾಕಿ ಸರಿಯಾದ ಟರ್ಬೊನೇ ತರ್ಸಿದೀನಿ, ನಾಳೆ ಕೂರ್ಸ್ತಾರೆ. ಏನೇನು ಹುಷಾರಾಗಿರ್ಬೇಕು?

ಉತ್ತರ: ಪಕ್ಕದಲ್ಲೇ ನಿಂತು ಮಾಡ್ಸಿ. ಆಯಿಲ್, ಆಯಿಲ್ ಫಿಲ್ಟರ್ ಹೊಸದು ಹಾಕ್ಸಿ, ಹಳೇ ಆಯಿಲಲ್ಲಿ ಹಳೇ ಟರ್ಬೊದ ಲೋಹದ ಪುಡಿ ಇರತ್ತೆ. ಆಯಿಲ್ ಬರೋ ಲೈನ್ ಒಳಗೆ ಕರಿ ಇದ್ರೆ ಲೈನೇ ಬದಲಾಯ್ಸಿ. ಗಾಳಿ ಪೈಪ್ ಬಾಯಿಗಳಿಗೆಲ್ಲ ಕೆಲ್ಸ ಮುಗಿಯೋ ತನಕ ಬಟ್ಟೆ ಬದ್ಲು ಮುಚ್ಚಳ ಹಾಕ್ಸಿ, ಬಟ್ಟೆ ಒಳಗೆ ಮರೆತು ಸ್ಟಾರ್ಟ್ ಮಾಡಿದ ಗಾಡಿಗಳು ಬೇಕಾದಷ್ಟಿವೆ, ಒಂದು ವಾಷರ್ ಒಳಗೆ ಬಿದ್ರೂ ಹೊಸ ವೀಲ್ ಮೊದಲ ನಿಮಿಷದಲ್ಲೇ ಹೋಗತ್ತೆ. ಸ್ಟಾರ್ಟ್ ಮಾಡೋ ಮುಂಚೆ ಟರ್ಬೊದ ಆಯಿಲ್ ತೂತಿಗೆ ಹೊಸ ಆಯಿಲ್ ಸುರಿದು ವೀಲ್ ಕೈಯಲ್ಲಿ ನಿಧಾನಕ್ಕೆ ತಿರುಗ್ಸಿ. ಆಮೇಲೆ ಡೀಸೆಲ್ ಬರದಂಗೆ ಮಾಡಿ ಬರೀ ಸೆಲ್ಫ್ ಹೊಡ್ಸಿ, ಮೀಟರಲ್ಲಿ ಆಯಿಲ್ ಪ್ರೆಷರ್ ಏಳೋ ತನಕ. ಸ್ಟಾರ್ಟ್ ಆದ್ಮೇಲೆ ಕೆಲವು ನಿಮಿಷ ಐಡಲಲ್ಲೇ ಬಿಡಿ, ರೇಸ್ ಕೊಡೋಕೆ ಯಾರನ್ನೂ ಬಿಡ್ಬೇಡಿ.

ಡೀಸೆಲ್ ಆಗ್ಲೇ ಜಾಸ್ತಿ ಮಾಡ್ಸಿದ್ರೆ ಇನ್ನೂ ಏರಿಸ್ಬೇಡಿ. ಬರೀ ಗಾಳಿ ಜಾಸ್ತಿ ಆದಾಗ ಹೊಗೆ ಎಷ್ಟು ಇಳೀತು, ಎಕ್ಸಾಸ್ಟ್ ಬಿಸಿ ಎಷ್ಟು ಇಳೀತು ಅಂತ ಹಳೇ ಟ್ರಿಪ್ಪಿನ ಅಂಕಿ ಜೊತೆ ಇಟ್ಟು ನೋಡಿ, ಅದೇ ರಸ್ತೆ, ಅದೇ ಲೋಡು, ಅದೇ ಗೇರು. ಬೂಸ್ಟ್ ಏರಿದಷ್ಟೂ ಸಿಲಿಂಡರ್ ಒಳಗಿನ ಪ್ರೆಷರ್ ಏರತ್ತೆ, ಅದನ್ನ ತಡ್ಕೊಳ್ಳೋದು ಹೆಡ್ ಗ್ಯಾಸ್ಕೆಟ್, ಹೆಡ್ ಬೋಲ್ಟ್. ಏರಿದ ಟಾರ್ಕ್ ಹೊರೋದು ಕ್ಲಚ್, ಗೇರ್‌ಬಾಕ್ಸ್, ಹಿಂದಿನ ಕ್ರೌನ್. ಅವುಗಳ ತಾಕತ್ತು ಟರ್ಬೊ ಬದಲಾಯ್ಸಿದ ತಕ್ಷಣ ಬದಲಾಗಲ್ಲ. ರೇಡಿಯೇಟರ್ ಕೂಡ ಹಳೇದೇ.

ಏರು ಹತ್ತಿ ಬಂದು ನಿಲ್ಸಿದಾಗ ತಕ್ಷಣ ಚಾವಿ ಆಫ್ ಮಾಡ್ದೆ ಮೂರರಿಂದ ಐದು ನಿಮಿಷ ಐಡಲಲ್ಲಿ ಬಿಡಿ, ಇಲ್ಲಾಂದ್ರೆ ಬಿಸಿ ಶಾಫ್ಟ್ ಸುತ್ತ ನಿಂತ ಆಯಿಲ್ ಸುಟ್ಟು ಕಲ್ಲಿನಂಗೆ ಗಟ್ಟಿ ಆಗತ್ತೆ. ಹಾಗಂತ ಗಂಟೆಗಟ್ಲೆ ಐಡಲೂ ಬೇಡ, ಆಗ ಗಾಳಿ ಪ್ರೆಷರ್ ಇಲ್ದೆ ಆಯಿಲ್ ಸೀಲ್ ದಾಟಿ ಬರತ್ತೆ. ಮೊದಲ ಲೋಡ್ ಟ್ರಿಪ್ ಮುಗಿಸಿ ಬಂದಾಗ ಇಂಜಿನ್ ತಣ್ಣಗಾದ್ಮೇಲೆ ಮೇನ್‌ಫೋಲ್ಡ್ ಬೋಲ್ಟ್, ಹೋಸ್ ಕ್ಲಿಪ್ ಎಲ್ಲ ಇನ್ನೊಂದ್ಸಲ ಟೈಟ್ ನೋಡ್ಸಿ, ಬಿಸಿ ತಿಂದು ತಣ್ಣಗಾದಾಗ ಅವು ಸಡಿಲ ಆಗಿರತ್ತೆ. ಆಯಿಲ್ ವಾಪಸ್ ಪೈಪಿನ ಜಾಯಿಂಟ್ ಕೆಳಗೆ ಒಂದು ಬಿಳಿ ಕಾಗದ ಇಟ್ಟು ರಾತ್ರಿ ಬಿಡಿ, ಬೆಳಿಗ್ಗೆ ಅದರ ಮೇಲೆ ಹನಿ ಬಿದ್ದಿದ್ರೆ ಲೋಡ್ ಹಾಕೋ ಮುಂಚೆ ಗ್ಯಾರೇಜಿಗೆ ವಾಪಸ್ ಹೋಗಿ.